ಹಿಂದೆ ಸೀಟು ಉಟ್ಟು

ಸಂಪಾಜೆ
10 ನವೆಂಬರ್ 2024

ಯಶು,

ಅಪ್ಪ ಕಾಗದ ಬರೆದದ್ದು ನೋಡಿ ಹೆದರಬೇಡ. ಯಾರಿಗೂ ಏನೂ ಆಗಿಲ್ಲ, ಆಗಬೇಕಾದದ್ದು ಮೇ ತಿಂಗಳ ಆಪರೇಶನ್ನಿನಲ್ಲೇ ಆಗಿ ಮುಗಿದಿದೆ. ಫೋನಿನಲ್ಲಿ ಮಾತಾಡಲು ನನಗೆ ಗಂಟಲಿಲ್ಲ. ಒತ್ತಿ ಬರೆಯೋಣವೆಂದರೆ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತದೆ. ಅದಕ್ಕೆ ನಿನ್ನ ಅಣ್ಣ ಹರಿಯ ಟೈರ್ ಅಂಗಡಿಯಿಂದ ಒಂದು ನೋಟ್‌ಬುಕ್ ಎತ್ತಿಕೊಂಡು ಕೂತಿದ್ದೇನೆ. ಅಕ್ಷರ ಓರೆಯಾಗಿದ್ದರೆ ಕ್ಷಮಿಸು. ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತು ಬರೆದ ಕೈ ಇದು, ಅಲುಗಾಡದ ಮೇಜಿನ ಮೇಲೆ ಬರೆಯಲು ಕಷ್ಟಪಡುತ್ತಿದೆ.

ಈ ಕವರನ್ನು ತ್ಯಾಂಪಣ್ಣನ ಕೈಯಲ್ಲಿ ಕೊಡುತ್ತೇನೆ. ನಾನು ರಿಟೈರಾದ ಮೇಲೆ ನನ್ನ ರೂಟಿಗೆ ಬಂದ ಕಂಡಕ್ಟರ್. ಪುತ್ತೂರು ಬಸ್‌ಸ್ಟ್ಯಾಂಡಿನ ಎದುರಿನ ಬೇಕರಿಯಲ್ಲಿ ಇಡುತ್ತಾನೆ. ನೀನೂ ಉತ್ತರವನ್ನು ಅಲ್ಲೇ ಇಟ್ಟರೆ ಸಂಜೆಗೆ ನನ್ನ ಕೈಗೆ ಬರುತ್ತದೆ. ಅಂಚೆಯಣ್ಣನಿಗೆ ತೊಂದರೆ ಬೇಡ.

ನನ್ನ ಆರೋಗ್ಯ ಪರವಾಗಿಲ್ಲ. ಕುತ್ತಿಗೆಯ ತೂತಿನಲ್ಲಿ ಉಸಿರಾಡಲು ಅಭ್ಯಾಸವಾಗಿದೆ. ಮಂಗಳೂರಿನ ಡಾಕ್ಟ್ರು ಗಂಟಲಿಗೆ ಹಿಡಿದು ಮಾತಾಡುವ ಒಂದು ಮಿಶನ್ ತೋರಿಸಿದ್ದರಲ್ಲ, ಅದನ್ನು ಒಂದು ಸಲ ಹಿಡಿದು ನೋಡಿದೆ. ಡಬ್ಬಿಯೊಳಗೆ ಕಣಜದ ಹುಳ ಹೊಕ್ಕ ಹಾಗೆ ಕೇಳಿತು. ಕಪಾಟಿನಲ್ಲಿಟ್ಟೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಈಗ ನನಗೆ ಆ ಭಯವೂ ಇಲ್ಲ.

ಕಾಗದ ಬರೆದದ್ದು ಒಂದು ಕೆಲಸಕ್ಕೆ. ಹರಿಯ ಮಗಳು ಪ್ರೀತಿಕಾ ನನ್ನ ಹತ್ತಿರ ಬರುವುದಿಲ್ಲ. ಎರಡು ವರ್ಷ ತುಂಬುತ್ತಾ ಬಂತು, ಅಂಗಡಿಗೆ ಬಂದ ಲಾರಿ ಡ್ರೈವರುಗಳ ತೊಡೆಯ ಮೇಲೆಲ್ಲ ಕೂರುತ್ತಾಳೆ. ನಾನು ಬಾಯಿ ತೆರೆದು 'ಬಾ' ಅಂದರೆ ತುಟಿ ಮಾತ್ರ ಆಡುತ್ತದೆ, ಕುತ್ತಿಗೆಯಿಂದ ಸುಂಯ್ ಎಂದು ಗಾಳಿ ಬರುತ್ತದೆ. ಮಗು ಹೆದರಿ ಅಮ್ಮ ಸುಪ್ರಿತಾಳ ನೈಟಿಯ ಹಿಂದೆ ಅಡಗುತ್ತದೆ. ಅವಳ ಲೆಕ್ಕದಲ್ಲಿ ಅಜ್ಜ ಅಂದರೆ ಸುಂಯ್ ಎನ್ನುವ ಒಂದು ಮುದುಕ. ಅವಳು ತೊಟ್ಟಿಲಲ್ಲಿದ್ದಾಗಲೇ ನನ್ನ ಸ್ವರ ಒಡೆಯಲು ಶುರುವಾಗಿತ್ತಲ್ಲ.

ನಿನ್ನ ಮಣ್ಣಿನ ಪ್ರಾಣಿಗಳ ಸಿನೆಮಾಕ್ಕೆ ಎರಡು ವರ್ಷದ ಹಿಂದೆ ನಾನು ಹುಂಜನ ಮಾತಿಗೆ ನನ್ನ ಸ್ವರ ಕೊಟ್ಟಿದ್ದೆ. ಸಿನೆಮಾ ಯಾವಾಗ ಬೇಕಾದರೂ ಮುಗಿಯಲಿ, ಆ ಸ್ವರವನ್ನು ಮಾತ್ರ ಬೇಗ ಕಳಿಸು. ಹರಿಯ ಮದುವೆಯ ವಿಡಿಯೋದಲ್ಲಿ ಹುಡುಕಿದೆವು. ನಾನು ಬಾಯಿ ತೆರೆದಲ್ಲೆಲ್ಲ ವಿಡಿಯೋದವ ಸಿನೆಮಾ ಹಾಡು ಹಾಕಿದ್ದಾನೆ. ಹರಿಯ ಫೋನಿನಲ್ಲಿ ನಾಲ್ಕು ಸೆಕೆಂಡು ಸಿಕ್ಕಿತು, ಅದರಲ್ಲಿ ನಾನು ಕೆಮ್ಮುತ್ತಿದ್ದೇನೆ.

ಅಜ್ಜನಿಗೂ ಒಂದು ಸ್ವರ ಇತ್ತು ಅಂತ ಆ ಮಗುವಿಗೆ ಗೊತ್ತಾಗಬೇಕು. ಇಷ್ಟೇ ನನ್ನ ಆಸೆ.

ನಿನ್ನ
ಅಪ್ಪ (ಕುಕ್ಕಪ್ಪ, ಮಾಜಿ ಕಂಡಕ್ಟರ್)


ಬೊಳುವಾರು, ಪುತ್ತೂರು
24 ನವೆಂಬರ್ 2024

ಪ್ರೀತಿಯ ಅಪ್ಪ,

ಬೇಕರಿಯವರು ನಿಮ್ಮ ಕವರನ್ನು ಬ್ರೆಡ್ಡಿನ ಜೊತೆ ಕೊಟ್ಟರು. ನಿಮ್ಮ ಅಕ್ಷರ ನೋಡದೆ ಎಷ್ಟು ವರ್ಷವಾಗಿತ್ತು. ಶಾಲೆಯ ಪ್ರೋಗ್ರೆಸ್ ಕಾರ್ಡಿನಲ್ಲಿ ಸಹಿ ನೋಡಿದ್ದೇ ಕೊನೆ.

ನಾನು ಚೆನ್ನಾಗಿದ್ದೇನೆ. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲೇ ಕೆಲಸ. ಕೆಳಗೆ ರಸ್ತೆಯಲ್ಲಿ ಲಾರಿ ಹೋದರೆ ಮೇಜು ನಡುಗಿ ನನ್ನ ಪ್ರಾಣಿಗಳು ಕೂದಲೆಳೆಯಷ್ಟು ಸರಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಸಿನೆಮಾದಲ್ಲಿ ಮಾತ್ರ ಎಲ್ಲರಿಗೂ ಚಳಿಜ್ವರ ಬಂದ ಹಾಗೆ ಕಾಣುತ್ತದೆ. ಅದಕ್ಕೆ ಭಾನುವಾರ ಬೆಳಿಗ್ಗೆ ಹೆಚ್ಚು ಕೆಲಸ. ಒಂದು ಸೆಕೆಂಡಿಗೆ ಹನ್ನೆರಡು ಫೋಟೋ. ಪ್ರತಿ ಫೋಟೋಕ್ಕೆ ಕೊಕ್ಕನ್ನೋ ರೆಕ್ಕೆಯನ್ನೋ ಒಂದಿಷ್ಟು ಸರಿಸಿ ಕೈ ತೆಗೆಯಬೇಕು. ಇಡೀ ದಿನ ದುಡಿದರೆ ಹುಂಜ ಬಸ್ಸಿನ ಎರಡು ಮೆಟ್ಟಿಲು ಹತ್ತುತ್ತಾನೆ.

ಕತೆ ನಿಮಗೆ ಗೊತ್ತಿದೆಯಲ್ಲ. ಮನೆಯ ಹುಡುಗಿಗೆ ನಿಶ್ಚಿತಾರ್ಥ, ಅಡುಗೆಯ ಪಟ್ಟಿ ಬರೆಯುವುದನ್ನು ಕೇಳಿ ಹಟ್ಟಿಯ ಪ್ರಾಣಿಗಳೆಲ್ಲ ಬಸ್ಸು ಹತ್ತಿ ಓಡಿಹೋಗುವುದು. ಎಮ್ಮೆ ಡ್ರೈವರು, ಹುಂಜ ಕಂಡಕ್ಟರು. ಈಗ ಬಾತುಕೋಳಿಯ ಭಾಗ ಮಾಡುತ್ತಿದ್ದೇನೆ. ಅದರ ಆರು ಮೊಟ್ಟೆಗಳಿಗೆ ಹಾಫ್ ಟಿಕೆಟೋ ಲಗೇಜೋ ಅಂತ ಹುಂಜನ ಜೊತೆ ಜಗಳ. ಅಷ್ಟರಲ್ಲಿ ಆಡು ಎಲ್ಲರ ಟಿಕೆಟ್ಟನ್ನೂ ತಿಂದುಹಾಕುತ್ತದೆ. ಬಸ್ಸಿನ ಬೋರ್ಡನ್ನೂ ಅರ್ಧ ತಿಂದದ್ದರಿಂದ ಬಸ್ಸು ಪುತ್ತೂರಿಗೆ ಬರುವ ಬದಲು ಕಡಬಕ್ಕೆ, ಅದೇ ನಿಶ್ಚಿತಾರ್ಥದ ಹಾಲ್‌ನ ಅಂಗಳಕ್ಕೆ ಹೋಗಿ ನಿಲ್ಲುತ್ತದೆ. ಕೊನೆಗೆ ನೋಡಿದರೆ ಅಲ್ಲಿ ಊಟ ಸಸ್ಯಾಹಾರಿ. ಮುಗಿಸಿದಾಗ ಹದಿನಾಲ್ಕು ನಿಮಿಷ ಆಗಬಹುದು.

ಪ್ರೀತಿಕಾ ಸಣ್ಣವಳು, ಅಭ್ಯಾಸವಾದರೆ ಹತ್ತಿರ ಬರುತ್ತಾಳೆ. ಅತ್ತಿಗೆಗೆ ಹೇಳಿ. ನಿಮ್ಮ ಸ್ವರ ಹಳೆಯ ಡಿಸ್ಕಿನಲ್ಲಿರಬೇಕು. ಸ್ವರದ ಕೆಲಸ ಮಾಡುವ ಸಫೀರ್ ಈಗ ಮದುವೆಯ ಸೀಸನ್ನಿನಲ್ಲಿ ಮೈಕಿನ ಹಿಂದೆ ಓಡುತ್ತಿದ್ದಾನೆ. ಅವನು ಸಿಕ್ಕಿದಾಗ ಹುಡುಕಿಸುತ್ತೇನೆ. ಕುತ್ತಿಗೆಯ ಬಟ್ಟೆಯನ್ನು ದಿನಾ ಬದಲಿಸಿ, ಧೂಳಿನಲ್ಲಿ ಅಂಗಡಿಯ ಎದುರು ಕೂರಬೇಡಿ.

ನಿಮ್ಮ
ಯಶು


ಸಂಪಾಜೆ
15 ಡಿಸೆಂಬರ್ 2024

ಯಶು,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ಬಾತುಕೋಳಿ ಉಂಟು, ಆಡು ಉಂಟು, ಎಮ್ಮೆ ಉಂಟು, ಸಫೀರನ ಮೈಕೂ ಉಂಟು. ನಾನು ಕೇಳಿದ್ದು ಮಾತ್ರ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವ ಬುದ್ಧಿ ನಿನಗೆ ನಿನ್ನ ಅವ್ವನಿಂದ ಬಂದದ್ದು. ದುಗ್ಗಮ್ಮ ಇದ್ದಾಗ ಸಾರಿಗೆ ಉಪ್ಪು ಹಾಕಲು ಮರೆತರೆ, ಈ ಸಲದ ಉಪ್ಪೇ ಚಪ್ಪೆ ಅನ್ನುತ್ತಿದ್ದಳು.

ಹೋದ ವಾರ ಒಂದು ಸಂಗತಿ ನಡೆಯಿತು. ಸುಪ್ರಿತಾ ಒಳಗೆ ದೋಸೆ ಎರೆಯುತ್ತಿದ್ದಳು, ಹರಿ ಒಂದು ಟೆಂಪೋದ ಅಡಿಯಲ್ಲಿ ಮಲಗಿದ್ದ. ಮಗು ಚೆಂಡಿನ ಹಿಂದೆ ನಡೆದು ನಡೆದು ರಸ್ತೆಯ ಅಂಚಿಗೆ ಹೋಯಿತು. ಮಡಿಕೇರಿ ಕಡೆಯಿಂದ ಇಳಿದು ಬರುವ ಗಾಡಿಗಳ ವೇಗ ನಿನಗೆ ಗೊತ್ತು. ನಾನು ಬೆಂಚಿನಲ್ಲಿದ್ದೆ. ಮೊದಲಿನ ನಾನಾಗಿದ್ದರೆ ಒಂದು ಕೂಗಿಗೆ ಮಗು ಏನು, ಲಾರಿಯೇ ನಿಲ್ಲುತ್ತಿತ್ತು. ಬಾಯಿ ತೆರೆದೆ, ಗಾಳಿ ಬಂತು. ಓಡಿದೆ. ಅರವತ್ತನಾಲ್ಕು ವರ್ಷದ ಕಾಲಿನಲ್ಲಿ ಓಡಿ ಹೋಗಿ ಅವಳ ಅಂಗಿ ಹಿಡಿದೆ. ಏನೂ ಆಗಲಿಲ್ಲ. ಹಿಡಿದದ್ದಕ್ಕೆ ಅವಳು ನನ್ನ ಕೈಗೆ ಕಚ್ಚಿ ಅತ್ತಳು. ಹರಿ ಎದ್ದು ಬಂದವನು, "ಎಂತ ಮಾಡಿದ್ರಿ ಅಪ್ಪ, ಮಗು ಯಾಕೆ ಮರ್ಡುದು?" ಅಂತ ಅವಳ ಅಳುವಿಗೆ ನನ್ನನ್ನೇ ಕಾರಣ ಕೇಳಿದ. ನಾನು ಬರೆದು ತೋರಿಸುವ ಸ್ಲೇಟು ಒಳಗಿತ್ತು. ಹೇಳಲು ಆಗಲಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಅಂತ ಯಾರು ಹೇಳಿದರೋ. ನನ್ನಲ್ಲಿರುವ ಬಂಗಾರವನ್ನೆಲ್ಲ ಅವರಿಗೆ ಕೊಡುತ್ತೇನೆ, ಸ್ವಲ್ಪ ಬೆಳ್ಳಿ ಕೊಡಲಿ.

ದೀಪಾವಳಿಗೂ ನೀನು ಬರಲಿಲ್ಲ. ಪುತ್ತೂರಿನಿಂದ ಎರಡು ಗಂಟೆಯ ದಾರಿ. ಈಗ ಹೆಂಗಸರಿಗೆ ಟಿಕೆಟಿನ ಹಣವೂ ಇಲ್ಲ, ಆಧಾರ್ ತೋರಿಸಿದರೆ ಸಾಕು. ಆಸ್ಪತ್ರೆಯಲ್ಲಿ ನೋಡಿದ್ದೇ ಕೊನೆ. ಕೆಲಸ ಇರಬಹುದು. ಇಲ್ಲ ಅನ್ನುವುದಿಲ್ಲ.

ಸ್ವರ ಕಳಿಸು.

ಅಪ್ಪ


ಪುತ್ತೂರು
12 ಜನವರಿ 2025

ಅಪ್ಪ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯದೆ ಬೇಕರಿಯಲ್ಲಿಟ್ಟು ಬರುತ್ತೇನೆ.

ನಿಮ್ಮ ಸ್ವರ ಇಲ್ಲ. ಡಿಸ್ಕಿನಲ್ಲಿ ಇಲ್ಲ, ಸಫೀರನ ಬಳಿಯೂ ಇಲ್ಲ. ನಾನೇ ಅಳಿಸಿದೆ.

ರೆಕಾರ್ಡಿಂಗಿನ ದಿನ ನಿಮಗೆ ನೆನಪಿರಬಹುದು. ಹುಂಜ ಬಸ್ಸಿನ ಬಾಗಿಲಲ್ಲಿ ನಿಂತು 'ಹಿಂದೆ ಸೀಟು ಉಂಟು' ಅನ್ನಬೇಕಿತ್ತು. ನೀವು ಪ್ರತಿ ಸಲವೂ 'ಉಟ್ಟು' ಅಂದಿರಿ. ನಾನು, "ಉಟ್ಟು ಅಲ್ಲ ಅಪ್ಪ, ಉಂಟು ಹೇಳಿ" ಅಂದೆ. ನೀವು, "ಅದನ್ನೇ ಹೇಳಿದ್ದಲ್ಲವಾ ಮಾರಾಯ್ತಿ, ಉಟ್ಟು" ಅಂದಿರಿ. ಹದಿನೇಳು ಸಲ ಹೇಳಿಸಿದೆ. ಸಫೀರ್ ಗಾಜಿನ ಆಚೆ ನಗುತ್ತಿದ್ದ. ಅವನು ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ನಗು ಬರುವ ಹಾಗೆಯೇ ಇತ್ತು. ನನಗೆ ಮಾತ್ರ ಮೈಯೆಲ್ಲ ಬಿಸಿಯಾಯಿತು.

ನಿಮಗೆ ಹೇಳದ ಒಂದು ವಿಷಯ ಇದೆ. ಪುತ್ತೂರಿನ ಹಾಸ್ಟೆಲಿಗೆ ಬಂದ ಮೊದಲ ದಿನ ಯಾರೋ ನೀರು ಕೇಳಿದರು. ನಾನು, "ಕೊಡದಲ್ಲಿ ಉಟ್ಟು" ಅಂದೆ. ನಮ್ಮ ಮನೆಯ ಅರೆಭಾಷೆ ಬಾಯಿಗೆ ಬಂದುಬಿಟ್ಟಿತು. "ಸೀರೆ ಉಡುದು ಗೊತ್ತುಂಟು, ಕೊಡದಲ್ಲಿ ನೀರು ಉಡುದು ಹೇಗೆ ಮಾರಾಯ್ತಿ?" ಅಂತ ಇಡೀ ಕೋಣೆ ನಕ್ಕಿತು. ಮೂರು ವರ್ಷ ನನ್ನ ಹೆಸರೇ 'ಉಟ್ಟು' ಆಗಿತ್ತು. ಒಂದು ವಾರದಲ್ಲಿ ನಾನು ಉಂಟು ಕಲಿತೆ. ಆಮೇಲೆ ಮನೆಗೆ ಬಂದಾಗಲೂ ಉಂಟು ಅಂದೆ. ನೀವು ಗಮನಿಸಿದಿರೋ ಇಲ್ಲವೋ ಗೊತ್ತಿಲ್ಲ.

ಸಿನೆಮಾದ ಮೊದಲ ಮೂರು ನಿಮಿಷವನ್ನು ಬೆಂಗಳೂರಿನ ಒಂದು ಚಿತ್ರೋತ್ಸವದವರಿಗೆ ಕಳಿಸಿದ್ದೆ. ಹುಂಜನ ಮಾತು ಅರ್ಥವಾಗಲಿಲ್ಲ, ಸೀಟನ್ನು ಉಟ್ಟುಕೊಳ್ಳುವುದೇ ಅಂತ ಬರೆದರು. ನಾನು ಒಂದು ಮಾತೂ ವಾದಿಸಲಿಲ್ಲ. ಇಲ್ಲಿ ನಾಟಕ ಮಾಡುವ ತೀರ್ಥರಾಮ ಮಾಸ್ಟ್ರನ್ನು ಕರೆದು ಹುಂಜನ ಮಾತನ್ನೆಲ್ಲ ಮತ್ತೆ ಹೇಳಿಸಿದೆ. ನಿಮಗೆ ತಿಳಿಸಲಿಲ್ಲ.

ಫೋಟೋ ಹೆಚ್ಚಾಗಿ ಡಿಸ್ಕಿನಲ್ಲಿ ಜಾಗ ಇರಲಿಲ್ಲ, ಅದಕ್ಕೆ ಅಳಿಸಿದೆ ಅಂತ ಬರೆಯಲು ಹೊರಟಿದ್ದೆ. ಹರಿದ ಕಾಗದಗಳಲ್ಲಿ ಹಾಗೆಯೇ ಇತ್ತು. ಅದು ಸುಳ್ಳು. ನಿಮ್ಮ ಸ್ವರಕ್ಕೆ ಬೇಕಾಗಿದ್ದ ಜಾಗ ನನ್ನ ಅರ್ಧ ದಿನದ ಫೋಟೋಗಳಿಗಿಂತ ಕಡಿಮೆ. ಅದು ಅಲ್ಲಿದ್ದರೆ ಮತ್ತೆ ಯಾರಾದರೂ ಹಾಕಿ ಕೇಳಿ ನಗುತ್ತಾರೆ ಅನ್ನಿಸಿತು. ಅಳಿಸಿದ ದಿನ ನನಗೆ ಹಗುರವೇ ಆಯಿತು. ಆಮೇಲೆ ಹತ್ತು ತಿಂಗಳಿಗೆ ಮಂಗಳೂರಿನಲ್ಲಿ ಡಾಕ್ಟ್ರು ಸ್ವರಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು ಅಂದಾಗ ನೀವು ನನ್ನ ಕಡೆ ತಿರುಗಿ, "ಹೋಗಲಿ ಬಿಡು, ಹುಂಜನ ಹತ್ತಿರ ಒಂದು ಸ್ವರ ಉಟ್ಟಲ್ಲ" ಅಂದಿರಿ. ನೀವು ನನಗೆ ಹೇಳಿದ ಕೊನೆಯ ಮಾತುಗಳಲ್ಲಿ ಅದೊಂದು.

ಅದಕ್ಕೇ ನಾನು ಬರುತ್ತಿಲ್ಲ. ಕೆಲಸ ಇದೆ ಅನ್ನುವುದು ನೆಪ.

ಯಶಸ್ವಿ


ಪುತ್ತೂರು
9 ಫೆಬ್ರವರಿ 2025

ಅಪ್ಪ,

ಕಾಗದವನ್ನು ನಿಮ್ಮ ಕೈಗೇ ಕೊಟ್ಟೆ ಅಂತ ತ್ಯಾಂಪಣ್ಣ ಹೇಳಿದರು. "ಎಂತ ಹೇಳಿದ್ರು?" ಅಂತ ಕೇಳಿದೆ. "ಅವರು ಎಂತ ಹೇಳುದು? ತಕ್ಕೊಂಡು ಒಳಗೆ ಹೋದ್ರು" ಅಂದರು.

ಬಯ್ದಾದರೂ ಬರೆಯಿರಿ.

ಯಶು


ಸಂಪಾಜೆ
9 ಮಾರ್ಚ್ 2025

ಯಶಸ್ವಿ,

ಬಯ್ದಾದರೂ ಬರೆಯಿರಿ ಅಂದೆಯಲ್ಲ, ಬರೆಯುತ್ತೇನೆ.

ನಿನ್ನ ಕಾಗದ ಓದಿದ ದಿನ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದ ಮನುಷ್ಯನಿಗೆ ಕೂಗಲು ಒಂದು ಗಂಟಲು ಬೇಕು ಅಂತ ಅವತ್ತು ಗೊತ್ತಾಯಿತು. ಕೂಗಲಾಗದೆ ಕೈಯಲ್ಲಿದ್ದ ಲೋಟ ಎಸೆದೆ. ಸುಪ್ರಿತಾ ಏನಾಯಿತು ಮಾವ ಅಂತ ಓಡಿಬಂದಳು. ಸ್ಲೇಟಿನಲ್ಲಿ 'ಜಾರಿತು' ಅಂತ ಬರೆದೆ. ಗೋಡೆಗೆ ಜಾರಿದ ಲೋಟ ಅವಳು ಮೊದಲ ಸಲ ನೋಡಿದ್ದು. ಆಮೇಲೆ ತಿಂಗಳುಗಟ್ಟಲೆ ನೋಟ್‌ಬುಕ್ ಮುಟ್ಟಲಿಲ್ಲ. ನನ್ನ ಮಗಳು ನನಗೆ ನಾಚಿಕೊಂಡಳು ಅನ್ನುವುದು ಗಂಟಲು ಕೊಯ್ದದ್ದಕ್ಕಿಂತ ಹೆಚ್ಚು ನೋಯಿತು. ಇದನ್ನು ಮುಚ್ಚಿಟ್ಟರೆ ನಾನೂ ಅಡ್ಡಗೋಡೆಯವನಾಗುತ್ತೇನೆ, ಅದಕ್ಕೆ ಬರೆದಿದ್ದೇನೆ.

ಇನ್ನು ನೀನು ತಿಳಿಯದ ಒಂದು ವಿಷಯ ಹೇಳುತ್ತೇನೆ, ಸರಿಯಾಗಿ ಕೇಳು. ಅಪ್ಪನಿಗೆ 'ಉಂಟು' ಬಾಯಿಗೆ ಬರುವುದಿಲ್ಲ ಅಂತ ನೀನು ಎಣಿಸಿದೆಯಾ? ಮಡಿಕೇರಿಯಿಂದ ಪುತ್ತೂರಿನವರೆಗೆ ಟಿಕೆಟು ಹರಿದವನು ನಾನು. ಮಡಿಕೇರಿ ಸ್ಟ್ಯಾಂಡಿನಲ್ಲಿ 'ಸೀಟು ಇದೆ' ಅನ್ನುತ್ತಿದ್ದೆ. ಘಾಟಿ ಇಳಿದು ಸಂಪಾಜೆ ಬಂದರೆ 'ಉಟ್ಟು'. ಸುಳ್ಯ ಬಿಟ್ಟು ಜಾಲ್ಸೂರು ದಾಟಿದ ಮೇಲೆ 'ಉಂಟು'. ಪುತ್ತೂರು ಸ್ಟ್ಯಾಂಡಿನಲ್ಲಿ ತುಳುವರಿಗೆ 'ಉಂಡು'. ಒಂದೇ ಟ್ರಿಪ್ಪಿನಲ್ಲಿ ನಾಲ್ಕು ಬಾಯಿ. ಯಾವ ಊರಿನವರೂ ನಗಲಿಲ್ಲ, ಎಲ್ಲರೂ ಹತ್ತಿದರು.

ಹಾಗಿದ್ದರೆ ಯಾಕೆ ಹದಿನೇಳು ಸಲವೂ ಉಟ್ಟು ಅಂದೆ ಎಂದರೆ, ನೀನು ಆ ಹುಂಜನನ್ನು ಕೈಯಲ್ಲಿಟ್ಟು ತೋರಿಸಿ, "ಇವ ನಮ್ಮ ಸಂಪಾಜೆಯವ ಅಪ್ಪ" ಅಂದಿದ್ದೆ. ಸಂಪಾಜೆಯ ಹುಂಜ ಉಂಟು ಅಂತ ಯಾಕೆ ಹೇಳುತ್ತಾನೆ? ಅವನು ತನ್ನ ಹಟ್ಟಿಯ ಬಾತುಕೋಳಿಯನ್ನು, ಆಡನ್ನು ಬಸ್ಸಿಗೆ ಕರೆಯುತ್ತಿದ್ದಾನೆ. ಮನೆಯವರನ್ನು ಕರೆಯುವಾಗ ಮನೆಯ ಮಾತು. ನೀನು ತಿದ್ದಿದಷ್ಟೂ ನನಗೆ ಹಟ ಬಂತು. ಮಗಳಿಗೆ ಒಂದು ಸಲವಾದರೂ ಹೊಳೆಯಲಿ ಅಂತ ಕಾದೆ. ಹದಿನೇಳರವರೆಗೆ ಕಾದೆ. ನೀನು ಕೊನೆಗೆ, "ಆಯ್ತು, ಸಾಕು" ಅಂದೆ. ಒಪ್ಪಿಕೊಂಡಳು ಅಂತ ನಾನು ಎಣಿಸಿದೆ. ಪುತ್ತೂರಿನಿಂದ ಬರುವ ದಾರಿಯಲ್ಲಿ ಖುಷಿಯಲ್ಲಿದ್ದೆ.

ಮನೆಗೆ ಬಂದು ನೀನು ಉಂಟು ಅಂದದ್ದನ್ನೂ ಗಮನಿಸಿದ್ದೆ. ಕೇಳಿದರೆ ನಿನಗೆ ಬೇಸರವಾಗಬಹುದು ಅಂತ ಸುಮ್ಮನಿದ್ದೆ. ಗಂಟಲಿದ್ದಾಗ ಕೇಳಬೇಕಿತ್ತು. ಅದು ನನ್ನ ತಪ್ಪು.

ಹೋದ ಸ್ವರ ಹೋಯಿತು. ಅತ್ತು ಪ್ರಯೋಜನ ಇಲ್ಲ. ಈಗ ಒಂದು ಕೆಲಸ ಮಾಡು. ಆ ತೀರ್ಥರಾಮ ಮಾಸ್ಟ್ರಿಗೆ ನಮಸ್ಕಾರ ಹೇಳಿ ಕಳಿಸಿಕೊಡು. ಹುಂಜನ ಮಾತನ್ನು ನೀನು ಹೇಳು. ಹೆಣ್ಣು ಸ್ವರದ ಹುಂಜ ಅಂತ ಯಾರೂ ಕೇಸು ಹಾಕುವುದಿಲ್ಲ. ಹೇಳುವ ಕ್ರಮ ಬರೆಯುತ್ತೇನೆ. 'ಹಿಂದೆ' ಅನ್ನುವುದನ್ನು ಎಳೆಯಬೇಕು, ಹಿಂದಿನ ಬಾಗಿಲಿನವನಿಗೂ ಮುಟ್ಟುವ ಹಾಗೆ. 'ಸೀಟು' ಚಿಕ್ಕದು. 'ಉಟ್ಟು' ಅನ್ನುವಾಗ ಸ್ವರ ಏರಬಾರದು, ಗಂಟಲಿನಿಂದಲೂ ಬರಬಾರದು, ಹೊಟ್ಟೆಯಿಂದ ಬರಬೇಕು. ಆಮೇಲೆ ಬಸ್ಸಿನ ತಗಡಿಗೆ ಎರಡು ಪೆಟ್ಟು. ಸೀಟು ಇಲ್ಲದಿದ್ದರೂ ಉಟ್ಟು ಅನ್ನಬೇಕು. ಅದು ಸುಳ್ಳಲ್ಲ. ಹತ್ತಿದ ಮೇಲೆ ಹೇಗಾದರೂ ಜಾಗ ಆಗುತ್ತದೆ.

ಮಗು ಇನ್ನೂ ಬರುವುದಿಲ್ಲ. ಅಜ್ಜನ ಸ್ವರ ಇಲ್ಲದಿದ್ದರೆ ಅಜ್ಜನ ಮಾತಾದರೂ ಅವಳಿಗೆ ಸಿಗಲಿ.

ಅಪ್ಪ


ಪುತ್ತೂರು
25 ಮೇ 2025

ಅಪ್ಪ,

ಸಿನೆಮಾ ಮುಗಿಯಿತು. ಈ ಕವರಿನೊಳಗೆ ಪೆನ್‌ಡ್ರೈವ್ ಇದೆ. ಹರಿಯಣ್ಣ ಅದನ್ನು ಟಿವಿಯ ಹಿಂದೆ ಚುಚ್ಚಿದರೆ ಬರುತ್ತದೆ. ಬೇರೆ ಯಾರಿಗೂ ಇನ್ನೂ ತೋರಿಸಿಲ್ಲ. ಪ್ರೀತಿಕಾ ನೋಡಲಿ ಮೊದಲು.

ತೀರ್ಥರಾಮ ಮಾಸ್ಟ್ರಿಗೆ ವಿಷಯ ಹೇಳಲು ಹೆದರಿದ್ದೆ. ಅವರು ನಿಮ್ಮ ಕಾಗದದ ಆ ಪುಟ ಓದಿ, "ನನ್ನದು ತೆಗೆದದ್ದು ಒಳ್ಳೆದಾಯ್ತು ಮಾರಾಯ್ತಿ. ನನ್ನ ಬಾಯಲ್ಲಿ ಆ ಹುಂಜ ಭಾಷಣ ಮಾಡ್ತಿತ್ತು" ಅಂದರು. ಸಫೀರ್ ಕಾಗದವನ್ನು ಎರಡು ಸಲ ಓದಿದ. ಮಾರನೆಯ ದಿನ ಎಲ್ಲಿಂದಲೋ ಹಳೆಯ ಬಸ್ಸಿನ ಒಂದು ಬಾಗಿಲನ್ನೇ ಆಟೋದಲ್ಲಿ ಹಾಕಿಕೊಂಡು ಬಂದ. "ಎರಡು ಪೆಟ್ಟು ಬೇಕಲ್ಲ, ಇದಕ್ಕೇ ಬಡಿ" ಅಂದ.

ಹೇಳುವುದು ಸುಲಭ ಅಂದುಕೊಂಡಿದ್ದೆ. ಮನೆಯ ಮಾತಲ್ಲವೇ. ಬಾಯಿ ತೆರೆದರೆ ಉಂಟು ಬಂತು. ಮತ್ತೆ ಉಂಟು. ಮೂರು ದಿನ ಹೀಗೆ. ನಾಲ್ಕನೆಯ ದಿನ ಉಟ್ಟು ಅಂದೆ, ಆದರೆ ಅದು ನಕಲು ಮಾಡಿದ ಹಾಗಿತ್ತು, ಹಾಸ್ಟೆಲಿನಲ್ಲಿ ಅವರು ನನ್ನನ್ನು ಅಣಕಿಸುತ್ತಿದ್ದ ಉಟ್ಟು. ಆ ದಿನ ತುಂಬ ಅತ್ತೆ. ಆಮೇಲೆ ಸಫೀರ್, "ಎದುರು ಯಾರೂ ಇಲ್ಲದ ಹಾಗೆ ಹೇಳಬೇಡ, ಯಾರನ್ನಾದರೂ ಕರಿ" ಅಂದ. ಯಾರನ್ನು ಕರೆಯಲಿ ಎಂದು ಯೋಚಿಸಿದೆ. ಕರೆದೆ. ಒಂದೇ ಸಲಕ್ಕೆ ಬಂತು. ಯಾರನ್ನು ಕರೆದೆ ಅಂತ ನೀವು ಕೇಳಬೇಡಿ.

ಒಂದು ಮಾತು ಹೇಳಲೇಬೇಕು. ಹೇಳುವ ಮೊದಲು ನಿಮ್ಮ ಸ್ವರವನ್ನು ನೆನೆಯಲು ನೋಡಿದೆ. ಕಣ್ಣು ಮುಚ್ಚಿದರೆ ನೀವು ಸೀಟಿಗೆ ಒರಗಿ ಟಿಕೆಟು ಹರಿಯುವುದು ಕಾಣುತ್ತದೆ, ಇಳಿಯುವ ಅಜ್ಜಿಯ ಚೀಲ ಹಿಡಿಯುವುದು ಕಾಣುತ್ತದೆ. ಎಲ್ಲ ಕಾಣುತ್ತದೆ ಅಪ್ಪ, ಕೇಳುವುದು ಮಾತ್ರ ಇಲ್ಲ. ಒಂದು ವರ್ಷದಲ್ಲಿ ನಾನು ಮರೆತಿದ್ದೇನೆ. ನನ್ನದೇ ತಪ್ಪಿನಿಂದ ಕಳೆದದ್ದನ್ನು ತಲೆಯಲ್ಲಾದರೂ ಇಟ್ಟುಕೊಳ್ಳಬೇಕಿತ್ತು. ಒಂದೇ ಒಂದು ಸಲ 'ಯಶೂ' ಅಂತ ನೀವು ಕರೆದದ್ದು ಕೇಳಿದರೆ ಸಾಕು ಅನ್ನಿಸುತ್ತದೆ. ಬೇರೆ ಏನೂ ಬೇಡ.

ಬರಬೇಕೆಂದು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದೆ. ನೀವು ನನ್ನನ್ನು ನೋಡಿ ಬಾಯಿ ತೆರೆಯುತ್ತೀರಿ, ಏನೂ ಕೇಳುವುದಿಲ್ಲ. ಆ ಗಳಿಗೆಯನ್ನು ಹೇಗೆ ದಾಟುವುದು ಅಂತ ಗೊತ್ತಾಗದೆ ವಾಪಸು ಬಂದೆ. ಪ್ರೀತಿಕಾ ಎರಡು ವರ್ಷದ ಮಗು, ಹೆದರಿದರೆ ಅರ್ಥ ಇದೆ. ನನಗೆ ಮೂವತ್ತೊಂದು.

ನಿಮ್ಮ
ಯಶು


ಸಂಪಾಜೆ
8 ಜೂನ್ 2025

ಯಶು,

ನಿನ್ನೆ ಸಂಜೆ ಸಿನೆಮಾ ನೋಡಿದೆವು. ಹರಿ ಅಂಗಡಿಯ ಶಟರ್ ಅರ್ಧ ಎಳೆದ. ಟೈರಿಗೆ ಗಾಳಿ ಹಾಕಿಸಲು ಬಂದಿದ್ದ ಮೊಯ್ದೀನ್ ಬ್ಯಾರಿಯವರೂ ಒಳಗೆ ಬಂದು ಕೂತರು. ಸುಪ್ರಿತಾ ಚಹಾ ಮಾಡಿದಳು. ಎಲ್ಲ ಸರಿಯಾಗಿತ್ತು. ಹರಿ ಪೆನ್‌ಡ್ರೈವ್ ಚುಚ್ಚಿದ, ಚಿತ್ರ ಬಂತು. ಸ್ವರ ಬರಲಿಲ್ಲ.

ರಿಮೋಟು ಒತ್ತಿದ, ಟಿವಿಯ ತಲೆಗೆ ಹೊಡೆದ, ತೆಗೆದು ಊದಿ ಮತ್ತೆ ಚುಚ್ಚಿದ. ಧಾರಾವಾಹಿ ಹಾಕಿದರೆ ಅತ್ತೆ ಸೊಸೆ ಕಿರುಚುತ್ತಾರೆ, ನಿನ್ನ ಸಿನೆಮಾ ಹಾಕಿದರೆ ತುಟಿಪಿಟಿಕ್ ಇಲ್ಲ. ನಮ್ಮದು ಹಳೆಯ ಟಿವಿ, ಹೊಸ ಕ್ರಮದ ಸ್ವರ ಅದಕ್ಕೆ ಹಿಡಿಯುವುದಿಲ್ಲವಂತೆ. ನನಗೆ ಎಷ್ಟು ಬೇಸರವಾಯಿತು ಅಂದರೆ ಎದ್ದು ಹೋಗಲು ಹೊರಟೆ. ಮೂರು ವರ್ಷ ನಾವಿಬ್ಬರು ಇಷ್ಟು ಒದ್ದಾಡಿದ್ದು ಯಾವುದಕ್ಕೋ, ಅದೊಂದೇ ಬರಲಿಲ್ಲ.

ಮೊಯ್ದೀನ್ ಬ್ಯಾರಿಯವರು, "ಇರ್ಲಿ ಬಿಡಿ ಕುಕ್ಕಪ್ಪಣ್ಣ, ನೋಡುವ" ಅಂತ ಕೈ ಹಿಡಿದು ಕೂರಿಸಿದರು. ನೋಡಿದೆವು. ಬಾತುಕೋಳಿ ಮೊಟ್ಟೆಗಳನ್ನು ಒಂದೊಂದಾಗಿ ಸೀಟಿನ ಮೇಲೆ ಕೂರಿಸಿದಾಗ ಅವರು ಚಹಾ ಚೆಲ್ಲಿಕೊಂಡು ನಕ್ಕರು. ಹುಂಜ ಬಾಗಿಲಿಗೆ ಬಂದ. ಸೊಂಟದ ಒಂದು ಬದಿಯನ್ನು ಸೀಟಿಗೆ ಒರಗಿಸಿ, ಕುತ್ತಿಗೆ ಓರೆ ಮಾಡಿ, ಹಿಂದಿನವರೆಗೆ ನೋಡಿ ಕೊಕ್ಕು ತೆರೆದ. ತೆರೆದು ಮುಚ್ಚಿದ. ತೆರೆದು ಮುಚ್ಚಿದ. ಒಂದು ಶಬ್ದ ಇಲ್ಲ.

ಆಗ ಪ್ರೀತಿಕಾ ಎದ್ದು ಟಿವಿಯ ಹತ್ತಿರ ಹೋದಳು. ಹುಂಜನ ಕೊಕ್ಕಿನ ಮೇಲೆ ಬೆರಳಿಟ್ಟಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಮತ್ತೆ ಹುಂಜನನ್ನು ನೋಡಿದಳು.

"ಅಮ್ಮ, ಕೋಳಿಯೂ ಅಜ್ಜನ ಹಾಗೇ ಮಾತಾಡ್ತದೆ" ಅಂದಳು.

ಸುಪ್ರಿತಾ ಬಾಯಿಗೆ ಸೆರಗು ಹಿಡಿದಳು. ಹರಿ ಹೊರಗೆ ಹೋಗಿ ಯಾವುದೋ ಟೈರು ಹುಡುಕಿದ. ಮಗು ನಡೆದು ಬಂದು ನನ್ನ ಮೊಣಕಾಲು ಹಿಡಿದು ನಿಂತು, "ಮಾತಾಡು" ಅಂದಳು. ನಾನು ಬಾಯಿ ತೆರೆದೆ. ತುಟಿ ಆಡಿಸಿದೆ. ಅವಳು ಓಡಲಿಲ್ಲ. ನನ್ನ ಬಾಯಿಯನ್ನೇ ನೋಡಿ ತಾನೂ ತುಟಿ ಆಡಿಸಿದಳು, ಸ್ವರ ಇಲ್ಲದೆ. ಇವತ್ತು ಬೆಳಿಗ್ಗೆಯಿಂದ ನಾವಿಬ್ಬರು ಹಾಗೆಯೇ ಮಾತಾಡುತ್ತಿದ್ದೇವೆ. ಏನು ಮಾತು ಅಂತ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. "ಒಬ್ಬರಿದ್ರು, ಈಗ ಇಬ್ಬರಾದ್ರು ಮಾವ" ಅಂತ ಸುಪ್ರಿತಾ ತಮಾಷೆ ಮಾಡುತ್ತಾಳೆ.

ನೀನು ಮರೆತೆ ಅಂತ ಅತ್ತುಕೊಂಡಿದ್ದೀಯಲ್ಲ, ಮರೆತವಳು ಆ ಹುಂಜನನ್ನು ನನ್ನ ಹಾಗೆಯೇ ನಿಲ್ಲಿಸುತ್ತಿದ್ದಳಾ? ನನಗೆ ಸಿಟ್ಟಿಲ್ಲ. ಇತ್ತು, ನಿನ್ನೆ ಸಂಜೆಯವರೆಗೆ ಸ್ವಲ್ಪ ಇತ್ತು.

ಪೆನ್‌ಡ್ರೈವನ್ನು ಸುಳ್ಯಕ್ಕೆ ಒಯ್ದು ಸ್ವರ ಬರುವ ಹಾಗೆ ಮಾಡಿಸಿಕೊಂಡು ಬರುತ್ತೇನೆ ಅಂತ ಹರಿ ಹೊರಟಿದ್ದ. ಸ್ಲೇಟಿನಲ್ಲಿ ಬೇಡ ಅಂತ ಬರೆದೆ. ಮಗುವಿಗೆ ಇನ್ನು ಅದರ ಅಗತ್ಯ ಇಲ್ಲ. ಅಗತ್ಯ ಇರುವುದು ನನಗೆ. ನೀನು ಅದರೊಳಗೆ ಯಾರನ್ನೋ ಕರೆದಿದ್ದೀಯಂತೆ, ನನಗೆ ಕೇಳಿಸಲಿಲ್ಲ.

ಚಿತ್ರ ಬಸ್ಸಿನಲ್ಲಿ ಬಂತು. ಸ್ವರವನ್ನು ನೀನೇ ತೆಗೆದುಕೊಂಡು ಬಾ.

ಅಪ್ಪ